ಮನೆಯಲ್ಲಿ ಮಾಡುವಂತೆ

ಆ ಸೋಮವಾರ ನಮ್ಮ ಮನೆಯಲ್ಲಿ ಗಂಜಿ ಬಳಿಯುವ ದಿನವಾಗಿತ್ತು. ಬಿಸಿಲು ಏರುವ ಮೊದಲೇ ಅವ್ವನೂ ನಾನೂ ಹಾಸನ್ನು ಓಣಿಯ ಉದ್ದಕ್ಕೆ ಎಳೆದು ಗೂಟಗಳಿಗೆ ಬಿಗಿದಿದ್ದೆವು. ಹಾಸು ಅಂದರೆ ಕಂಬಳಿಯ ಉದ್ದನೆಯ ಎಳೆಗಳು. ಮಗ್ಗಕ್ಕೆ ಏರುವ ಮೊದಲು ಅವಕ್ಕೆ ಹುಣಸೆ ಬೀಜದ ಗಂಜಿ ಕುಡಿಸದಿದ್ದರೆ ಉಣ್ಣೆ ಬಿರುಸಾಗಿ ಎದ್ದು ಎಳೆ ಕಡಿಯುತ್ತದೆ. ಚಳ್ಳಕೆರೆಯ ನಮ್ಮ ಓಣಿಯಲ್ಲಿ ಇಂಥ ದಿನ ಯಾರೂ ಗಾಡಿ ಒಳಗೆ ತರುವುದಿಲ್ಲ. ತಂಗಿ ಸಂಜೆ ತನ್ನ ಸ್ಕೂಟರನ್ನು ಓಣಿಯ ಬಾಯಲ್ಲೇ ನಿಲ್ಲಿಸಿ, ಬ್ಯಾಗನ್ನು ತಲೆಯ ಮೇಲೆ ಹೊತ್ತು, ಎಳೆಗಳಿಗೆ ದುಪಟ್ಟಾ ತಾಗದ ಹಾಗೆ ಗೋಡೆ ಹಿಡಿದು ನಡೆದು ಬಂದಳು.

"ಅವ್ವಾ, ಗಂಜಿ ಒಂದು ಲೋಟ ಮಿಕ್ಕೈತಾ?" ಅಂದಳು.

"ಯಾಕೆ, ಮಧ್ಯಾಹ್ನ ಬುತ್ತಿ ಉಂಡಿಲ್ಲೇನು?"

"ಉಂಡೆ. ಇದು ನಂಗಲ್ಲ, ಕೆಲಸಕ್ಕೆ."

"ಅಷ್ಟು ದೊಡ್ಡ ಕಟ್ಟಡ ಕಟ್ಟವ್ರೆ, ಒಂದು ಲೋಟ ಗಂಜಿ ಕಾಸಾಕೆ ಅಲ್ಲಿ ಒಲೆ ಇಲ್ವಾ?"

"ಒಲೆ ಐತೆ. ನೀನಿಲ್ಲ."

ಅವ್ವ ನಗು ಕಾಣಬಾರದೆಂದು ಮುಖ ತಿರುಗಿಸಿದಳು. ಮಿಕ್ಕ ಗಂಜಿಯನ್ನು ಹಳೆಯ ಪಂಚೆಯ ತುಂಡಿನಲ್ಲಿ ಸೋಸಿ, ಬುತ್ತಿ ಕ್ಯಾರಿಯರ್‌ನ ಮೇಲಿನ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು. ತಂಗಿ ಕೈ ತೊಳೆದುಕೊಂಡು ಬಂದು ಹಾಸಿನ ಇನ್ನೊಂದು ತುದಿಗೆ ನಿಂತಳು. ನಾವಿಬ್ಬರೂ ಎಳೆಗಳನ್ನು ಗೂಟದಿಂದ ಬಿಡಿಸಿ ಸುತ್ತುತ್ತ ಒಬ್ಬರ ಕಡೆಗೊಬ್ಬರು ನಡೆದೆವು. ನಡುವೆ ಸಿಕ್ಕಾಗ ಅವಳು, "ಅಕ್ಕಾ, ಇವತ್ತು ಮೂರನೇ ಸಲದ್ದು ಇಟ್ಟು ಬಂದೀನಿ. ನಾಳೆ ಹತ್ತು ಗಂಟೆಗೆ ನೋಡ್ತೀನಿ. ಸರಿ ಬಂದ್ರೆ ಮೂರೂ ಆದಂಗೆ" ಅಂದಳು.

"ಸರಿ ಬಂದ್ರೆ ಏನು ಕೊಡಿಸ್ತೀಯಾ?"

"ನಿಂಗೆ ಒಂದು ಹುಣಸೆ ಗಿಡ."

ಮರುದಿನ ಬೆಳಿಗ್ಗೆ ಎಂಟು ಗಂಟೆಗೆ ಅವಳು ಹೊರಟಳು. ದೊಡ್ಡಉಳ್ಳಾರ್ತಿ ಕಡೆಯ ರಸ್ತೆಯಲ್ಲಿ ಎದುರಿನಿಂದ ಬಂದ ಲಾರಿಯೊಂದು ಅವಳ ಸ್ಕೂಟರಿಗೆ ಹೊಡೆಯಿತು. ಆಸ್ಪತ್ರೆಗೆ ತಲುಪುವ ಮೊದಲೇ ತೀರಿಕೊಂಡಳು. ಇದಕ್ಕಿಂತ ಹೆಚ್ಚು ಆ ಬೆಳಗಿನ ಬಗ್ಗೆ ಬರೆಯಲು ನನ್ನಿಂದ ಆಗುವುದಿಲ್ಲ. ಗಂಜಿಯ ಡಬ್ಬಿಯನ್ನು ಅವಳು ಮರೆತು ಹೋಗಿದ್ದಳು. ನಾಲ್ಕನೆಯ ದಿನ ಅದರಿಂದ ಹುಳಿ ವಾಸನೆ ಬಂದಾಗ ಅವ್ವ ಹಿತ್ತಿಲಿಗೆ ಚೆಲ್ಲಿದಳು. ಡಬ್ಬಿಯನ್ನು ಬೂದಿ ಹಾಕಿ ಬಹಳ ಹೊತ್ತು ತಿಕ್ಕಿದಳು.

ನಾನು ಓದಿದ್ದು ಹತ್ತನೆಯ ತರಗತಿ. ತಂಗಿ ಚಳ್ಳಕೆರೆಯ ಕಾಲೇಜಿನಲ್ಲೇ ಬಿ.ಎಸ್ಸಿ. ಮುಗಿಸಿ, ಕಾವಲಿನ ಪಕ್ಕದಲ್ಲಿ ಎದ್ದ ಸಂಶೋಧನಾ ಕೇಂದ್ರವೊಂದರಲ್ಲಿ ಪ್ರಯೋಗಾಲಯದ ಸಹಾಯಕಿಯಾಗಿ ಸೇರಿದ್ದಳು. ಕಾವಲು ಅಂದರೆ ನಮ್ಮ ತಾತ ಕುರಿ ಮೇಯಿಸಿದ ಹುಲ್ಲುಗಾವಲು. ಅವಳು ಅಲ್ಲಿ ಏನು ಮಾಡುತ್ತಾಳೆಂದು ಯಾರಾದರೂ ಕೇಳಿದರೆ ಅವ್ವ, "ಧೂಳು ನೋಡ್ತಾಳೆ" ಅನ್ನುತ್ತಿದ್ದಳು. ಅದು ಸುಳ್ಳಲ್ಲ.

ಕಂಬಳಿಗೆ ಗಿರಾಕಿ ಕಡಿಮೆಯಾದ ವರ್ಷಗಳಲ್ಲಿ ಅಪ್ಪ ಕಲ್ಲು ಪುಡಿ ಮಾಡುವ ಕ್ರಷರ್ ಒಂದರಲ್ಲಿ ಕೆಲಸ ಮಾಡಿದ್ದರು. ಸಂಜೆ ಬಂದರೆ ಹುಬ್ಬು, ಮೀಸೆ, ಕಿವಿಯ ಕೂದಲು ಎಲ್ಲ ಬಿಳಿ. ತಂಗಿ ಏಳನೆಯ ತರಗತಿಯಲ್ಲಿದ್ದಾಗ ಅಪ್ಪ ಕೆಮ್ಮಿ ಕೆಮ್ಮಿ ಹೋದರು. ಅವರ ಎದೆಯ ಎಕ್ಸ್‌ರೇಯನ್ನು ಅವಳು ತನ್ನ ಪುಸ್ತಕಗಳ ನಡುವೆ ಇಟ್ಟುಕೊಂಡಿದ್ದಳು. ಒಮ್ಮೊಮ್ಮೆ ಕಿಟಕಿಗೆ ಹಿಡಿದು ನೋಡುವಳು. ಏನು ಕಾಣುತ್ತದೆ ಎಂದು ನಾನು ಎಂದೂ ಕೇಳಲಿಲ್ಲ.

ಅವಳು ನೋಡುತ್ತಿದ್ದ ಧೂಳು ಕಣ್ಣಿಗೆ ಕಾಣುವಂಥದ್ದಲ್ಲ. ಒಂದು ಕೂದಲಿನ ಅಗಲಕ್ಕೆ ನೂರಾರು ಕಣಗಳು ಸಾಲಾಗಿ ನಿಲ್ಲುವಷ್ಟು ಸಣ್ಣದು. ಅದನ್ನು ನ್ಯಾನೊಕಣ ಅನ್ನುತ್ತಾರೆ. ದಪ್ಪ ಧೂಳು ಮೂಗಿನಲ್ಲೋ ಗಂಟಲಲ್ಲೋ ನಿಂತುಬಿಡುತ್ತದೆ. ಇದು ಶ್ವಾಸಕೋಶದ ತಳದವರೆಗೂ ಇಳಿಯುತ್ತದೆ. ಇಷ್ಟನ್ನು ನಾನು ಅವಳ ಬಾಯಿಂದ ಮಗ್ಗದ ಮುಂದೆ ಕೂತು ಕಲಿತೆ. ನಾನು ನೇಯುವಾಗ ಅವಳು ಪಕ್ಕದಲ್ಲಿ ಕೂತು ಲಾಳಿಯೊಳಗೆ ಕೂರುವ ಕಂಡಿಗೆ ನೂಲು ಸುತ್ತಿಕೊಡುತ್ತಿದ್ದಳು. ಕೈ ಕೆಲಸದಲ್ಲಿದ್ದರೆ ಅವಳ ಬಾಯಿ ಸುಮ್ಮನಿರುತ್ತಿರಲಿಲ್ಲ.

"ಅಕ್ಕಾ, ಶ್ವಾಸಕೋಶದಾಗಿರೋ ಜೀವಕೋಶಕ್ಕೆ ಕಣ್ಣಿಲ್ಲ. ಒಳಗೆ ಬಂದಿರೋದು ಕಲ್ಲೋ ಮಸಿಯೋ ಅಂತ ಅದು ನೋಡಲ್ಲ. ಮೈ ಮುಟ್ಟಿ ತಿಳ್ಕೊಂತೈತೆ."

"ಕುರುಡ್ರು ಮುಖ ಮುಟ್ಟಿ ಗುರುತು ಹಿಡಿದಂಗೆ?"

"ಹಂಗೇ. ಅದಕ್ಕೆ ಕಣದ ಒಳಗೆ ಏನೈತೆ ಅನ್ನೋದಕ್ಕಿಂತ ಮೇಲ್ಮೈ ಹೆಂಗೈತೆ ಅನ್ನೋದು ಮುಖ್ಯ. ಒಂದೇ ಕಲ್ಲು, ಒಂದೇ ಗಾತ್ರ. ಒಂದರ ಮೈ ಬರಿದು, ಇನ್ನೊಂದಕ್ಕೆ ಹೊದಿಕೆ ಐತೆ. ಬರಿಮೈದು ಜೀವಕೋಶದ ಗೋಡೇನೆ ಹಿಡಿದು ಎಳೆದು ಹರೀತೈತೆ. ಇನ್ನೊಂದು ಸುಮ್ನೆ ಪಕ್ಕದಾಗೆ ಕೂತ್ಕೊಂತೈತೆ."

"ಆಯ್ತು. ಕ್ರಷರ್‌ನಾಗೆ ಏಳೋ ಧೂಳಿಗೆಲ್ಲ ನೀನು ಹೋಗಿ ಕಂಬಳಿ ಹೊದಿಸ್ತೀಯಾ?"

"ಹೊದ್ಸಲ್ಲ. ಯಾಕೆ ಕಚ್ಚತೈತೆ ಅಂತ ಮೊದ್ಲು ಗೊತ್ತಾಗ್ಲಿ. ಗೊತ್ತಾದ್ರೆ ಧೂಳು ಕೂರಿಸಾಕೆ ಹೊಡೀತಾರಲ್ಲ, ಆ ನೀರಿಗೆ ಏನು ಬೆರೆಸ್ಬೇಕು ಅಂತ ಒಂದಿನ ಯಾರಾದ್ರೂ ಹೇಳ್ತಾರೆ."

ಅವಳ ವಿಭಾಗದಲ್ಲಿ ಕಲ್ಲಿನ ನ್ಯಾನೊಕಣಗಳಿಗೆ ಬೇರೆ ಬೇರೆ ಹೊದಿಕೆ ಹಾಕಿ, ಗಾಜಿನಂಥ ತಟ್ಟೆಯಲ್ಲಿ ಬೆಳೆಸಿದ ಶ್ವಾಸಕೋಶದ ಜೀವಕೋಶಗಳ ಮೇಲೆ ಬಿಟ್ಟು ನೋಡುತ್ತಿದ್ದರು. ಆ ತಟ್ಟೆ ಪಡ್ಡಿನ ಹೆಂಚಿನ ಹಾಗಿರುತ್ತದೆ, ಸಾಲು ಸಾಲು ಗುಳಿಗಳು. ಒಂದು ದಿನ ಬಿಟ್ಟು ನೀಲಿ ಬಣ್ಣ ಹಾಕುತ್ತಾರೆ. ಸತ್ತ ಜೀವಕೋಶ ಬಣ್ಣ ಹೀರಿ ನೀಲಿಯಾಗುತ್ತದೆ. ಬದುಕಿರುವುದು ಬಣ್ಣವನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ನೀಲಿ ಎಷ್ಟು, ಬಿಳಿ ಎಷ್ಟು ಎಂದು ಎಣಿಸುವುದು ತಂಗಿಯ ಕೆಲಸ. ಹೊದಿಕೆಗೆ ಹುಣಸೆ ಬೀಜದ ಅಂಟನ್ನು ಹಾಕಿ ನೋಡೋಣ ಎಂದು ಹೇಳಿದವಳು ಅವಳೇ. ಅವಳ ವಿಭಾಗದ ಮುಖ್ಯಸ್ಥರಾದ ಮೇಡಂ ಒಪ್ಪಿದ ದಿನ ಅವಳು ಬರುವಾಗ ಅರ್ಧ ಕಿಲೋ ಮೈಸೂರು ಪಾಕ್ ತಂದಿದ್ದಳು.

ಅವಳು ಹೋಗಿ ಎರಡು ತಿಂಗಳಾದ ಮೇಲೆ ಒಂದು ಭಾನುವಾರ ಅವಳ ಗೆಳತಿ ಮನೆಗೆ ಬಂದಳು. ಇಬ್ಬರೂ ಒಂದೇ ಮೇಜಿನಲ್ಲಿ ಕೆಲಸ ಮಾಡುತ್ತಿದ್ದವರು. ಗೆಳತಿ ಮೊಳಕಾಲ್ಮೂರಿನ ರೇಷ್ಮೆ ಸೀರೆ ನೇಯುವವರ ಮಗಳು. ಮನೆಯಲ್ಲಿ ತೆಲುಗು, ಹೊರಗೆ ಕನ್ನಡ. ತಂಗಿಯ ಬಿಳಿ ಕೋಟು, ಚಪ್ಪಲಿ, ನೀರಿನ ಬಾಟಲಿ, ಬಾಚಣಿಗೆ ಎಲ್ಲವನ್ನೂ ಚೀಲದಲ್ಲಿ ತಂದಿದ್ದಳು. ಅವ್ವ ಒಂದೊಂದನ್ನೇ ತೆಗೆದು ಚಾಪೆಯ ಮೇಲಿಟ್ಟಳು. ಬಾಚಣಿಗೆಯಲ್ಲಿ ಕೂದಲಿತ್ತು; ಅದನ್ನು ಕೈಯಲ್ಲೇ ಹಿಡಿದುಕೊಂಡಳು. ಆ ಎರಡು ತಿಂಗಳು ನಾವು ಹಾಸು ಕಟ್ಟಿರಲಿಲ್ಲ. ಮಗ್ಗದ ಗುಂಡಿಗೆ ಹಲಗೆ ಮುಚ್ಚಿತ್ತು.

ಗೆಳತಿ ಚಹಾ ಕುಡಿದಳು. ಏಳಲಿಲ್ಲ.

"ಅಕ್ಕಾ, ಒಂದು ಮಾತು ಹೇಳ್ಬೇಕು. ತಪ್ಪು ತಿಳ್ಕೋಬ್ಯಾಡ್ರಿ."

"ಹೇಳಮ್ಮ."

"ಅವಳ ಹುಣಸೆ ಅಂಟಿನ ಕೆಲಸ ಐತಲ್ಲ, ಅದನ್ನ ನಮ್ಮ ವಿಭಾಗದ ವರದಿಯಿಂದ ತೆಗೀತಾರಂತೆ."

ಅವಳು ವಿವರಿಸಿದ್ದು ಇಷ್ಟು. ಒಂದು ಪ್ರಯೋಗ ಮೂರು ಸಲ ಒಂದೇ ಉತ್ತರ ಕೊಟ್ಟರೆ ಮಾತ್ರ ನಂಬುತ್ತಾರೆ. ತಂಗಿಗೆ ಎರಡು ಸಲ ಒಳ್ಳೆಯ ಉತ್ತರ ಬಂದಿತ್ತು. ಮೂರನೆಯ ತಟ್ಟೆಯನ್ನು ಅವಳು ಸೋಮವಾರ ಇಟ್ಟು ಬಂದಿದ್ದಳು. ಮಂಗಳವಾರ ಅದನ್ನು ಯಾರೂ ನೋಡಲಿಲ್ಲ; ಅಂದು ಎಲ್ಲರೂ ನಮ್ಮ ಓಣಿಯಲ್ಲಿ ನಿಂತಿದ್ದರು. ವಾರ ಕಳೆದು ತೆಗೆದಾಗ ಆಹಾರವಿಲ್ಲದೆ ಜೀವಕೋಶಗಳೆಲ್ಲ ಸತ್ತಿದ್ದವು. ಆಮೇಲೆ ಮೇಡಂ ಆ ಕೆಲಸವನ್ನು ಗೆಳತಿಗೆ ಕೊಟ್ಟರು. ಅವಳು ಮತ್ತೆ ಮತ್ತೆ ಮಾಡಿದಳು. ಪ್ರತಿ ಸಲವೂ ಗುಳಿಗಳು ನೀಲಿಯೇ. ಹೊದಿಕೆ ಹಾಕಿದ ಕಲ್ಲೂ ಬರಿಗಲ್ಲಿನ ಹಾಗೆಯೇ ಕೊಂದಿತು.

"ಅಂದ್ರೆ ಅವಳು ತಪ್ಪು ಎಣಿಸಿದ್ಲು ಅಂತಾರಾ?" ಅಂದೆ.

"ಹಂಗಂತ ಯಾರೂ ಬಾಯಿಬಿಟ್ಟು ಅಂದಿಲ್ಲ, ಅಕ್ಕಾ."

ನನ್ನ ತಂಗಿ ಚಿಕ್ಕಂದಿನಲ್ಲಿ ಹಾಸಿನ ಎಳೆಗಳನ್ನು ಎಣಿಸಿಕೊಡುತ್ತಿದ್ದಳು. ಒಂದೇ ಒಂದು ಎಳೆ ಹೆಚ್ಚು ಕಡಿಮೆಯಾದದ್ದು ನನಗೆ ನೆನಪಿಲ್ಲ. ಸತ್ತವಳು ಬಂದು ಮತ್ತೊಮ್ಮೆ ಎಣಿಸಿ ತೋರಿಸಲಾರಳು ಎನ್ನುವುದು ಎರಡು ತಿಂಗಳಿನಿಂದ ತಿಳಿದದ್ದೇ. ಆದರೆ ಆ ಮಾತು ಹೀಗೆ ಇನ್ನೊಂದು ಸಲ ಮನೆಗೆ ಬರುತ್ತದೆಂದು ಎಣಿಸಿರಲಿಲ್ಲ.

ಗೆಳತಿ ಬ್ಯಾಗಿನಿಂದ ಒಂದು ಕಾಗದ ತೆಗೆದಳು. ತಂಗಿಯ ಪ್ರಯೋಗ ಪುಸ್ತಕದ ಪುಟದ ಜೆರಾಕ್ಸ್. ಇಡೀ ಪುಟ ಇಂಗ್ಲಿಷಿನಲ್ಲಿತ್ತು. ನಡುವೆ ಒಂದು ಸಾಲು ಮಾತ್ರ ಕನ್ನಡ: ಗಂಜಿ, ಮನೆಯಲ್ಲಿ ಮಾಡುವಂತೆ.

ಅವಳ ಅಕ್ಷರ. ನಮ್ಮ ಮನೆಯಲ್ಲಿ ಎಲ್ಲರೂ ಹಾಗೇ ಹೇಳುವುದು. ಅಳತೆ, ಹೊತ್ತು ಯಾವುದನ್ನೂ ಯಾರೂ ಬರೆದಿಟ್ಟವರಲ್ಲ. ಅವಳಿಗೂ ಬರೆಯಬೇಕು ಅನ್ನಿಸಿಲ್ಲ. ನೀರು ಕುಡಿಯುವುದು ಹೇಗೆಂದು ಯಾರು ಬರೆಯುತ್ತಾರೆ?

"ನೀನು ಹೆಂಗೆ ಮಾಡ್ದೆ?" ಅಂತ ಕೇಳಿದೆ.

"ಇದ್ರಲ್ಲಿ ಬರ್ದಂಗೇ. ಮನೇಲಿ ಮಾಡ್ದಂಗೆ."

ಅವ್ವ ಬಾಚಣಿಗೆಯನ್ನು ಕೆಳಗಿಟ್ಟು, "ಯಾರ ಮನೇಲಿ?" ಅಂದಳು.

ಗೆಳತಿ ಅವ್ವನ ಮುಖ ನೋಡಿದಳು. "ನಮ್ಮನೇಲಿ" ಅಂದಳು. ಮತ್ತೆ ಹಣೆಗೆ ಕೈಯಿಟ್ಟುಕೊಂಡಳು.

"ಹೇಳು, ನಿಮ್ಮನೇಲಿ ಗಂಜಿ ಹೆಂಗೆ ಕೊಡ್ತೀರಿ?"

"ತಣ್ಣಗಿನ ತಿಳಿ ಗಂಜಿ, ಅವ್ವಾ. ಒಂದೇ ಸಲ. ಬಿಸಿ ಕೊಟ್ರೆ ರೇಷ್ಮೆ ಹೊಳಪು ಹೋಗತೈತೆ. ಮಾ ನಾಯನ ಚಂಪೇಸ್ತಾಡು." ಅಪ್ಪ ಕೊಂದೇಬಿಡುತ್ತಾನೆ ಎನ್ನುವುದನ್ನು ಅವಳು ತೆಲುಗಿನಲ್ಲೇ ಅಂದಳು.

"ಉಣ್ಣೆಗೆ ತಣ್ಣಗಿಂದು ಕೊಟ್ರೆ ನಮ್ಮಪ್ಪ ಕೊಲ್ತಿದ್ದ" ಅಂದಳು ಅವ್ವ. ಎರಡು ತಿಂಗಳಲ್ಲಿ ಅವಳ ಬಾಯಿಂದ ಬಂದ ಮೊದಲ ತಮಾಷೆ ಅದು. ಆಮೇಲೆ ನನ್ನ ಕಡೆ ತಿರುಗಿ, "ಬೀಜದ ಡಬ್ಬ ಇಳಿಸು" ಅಂದಳು.

ಗಂಜಿ ಒಂದೇ ದಿನದ ಕೆಲಸವಲ್ಲ. ಆ ಭಾನುವಾರ ಬೀಜ ಹುರಿದು, ಕೆಂಪು ಸಿಪ್ಪೆ ತೆಗೆದು ನೆನೆ ಹಾಕಿದೆವು. ಗೆಳತಿ ಊರಿಗೆ ಫೋನ್ ಮಾಡಿ ನಮ್ಮಲ್ಲೇ ಉಳಿದಳು. ಬೆಳಿಗ್ಗೆ ಅವ್ವ ರುಬ್ಬಿ, ಕುದಿಸಿ, ಸೋಸಿದಳು. ಗೆಳತಿ ಒಂದು ಕೈಯಲ್ಲಿ ಕೇಂದ್ರದಿಂದ ತರಿಸಿದ ಉಷ್ಣಮಾಪಕ, ಇನ್ನೊಂದರಲ್ಲಿ ಪೆನ್ನು ಹಿಡಿದು ಒಲೆಯ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದಳು.

"ಎಷ್ಟು ಹೊತ್ತು ಕುದೀಬೇಕು, ಅವ್ವಾ?"

"ಆಗೋವರೆಗೂ."

"ಆಯ್ತು ಅಂತ ಹೆಂಗೆ ಗೊತ್ತಾಗತೈತೆ?"

"ಸೌಟು ಎತ್ತಿದ್ರೆ ದಾರ ಆಗಬಾರ್ದು, ನೀರೂ ಆಗಬಾರ್ದು."

ಗೆಳತಿ ಗಡಿಯಾರ ನೋಡಿ ಬರೆದುಕೊಂಡಳು. "ಬಳಿಯುವಾಗ ಎಷ್ಟು ಬಿಸಿ ಇರ್ಬೇಕು?"

"ಮೊಣಕೈ ತಡ್ಕೊಳ್ಳೋ ಅಷ್ಟು."

ಅವ್ವ ಮೊಣಕೈ ಅದ್ದಿ ನೋಡುತ್ತ ಹೋದಳು. ಬೇಡ, ಬೇಡ, ಈಗ ಸರಿ, ಅಂದಾಗ ಗೆಳತಿ ಉಷ್ಣಮಾಪಕ ಅದ್ದಿದಳು. ನಾನು ಒಂದು ಗಜದಷ್ಟು ಎಳೆಗಳನ್ನು ಅಂಗಳದಲ್ಲಿ ಕಟ್ಟಿದ್ದೆ. ಅವ್ವ ಕುಂಚದಲ್ಲಿ ತೆಳ್ಳಗೆ ಒಮ್ಮೆ ಬಳಿದು, ಹಿಂದೆಯೇ ಒಣ ಕುಂಚದಿಂದ ಹೆಚ್ಚಿನದನ್ನೆಲ್ಲ ಎಳೆದು ತೆಗೆದಳು. ಕಾದಳು. ಎಳೆ ಬೆರಳಿಗೆ ಅಂಟದ ಹಾಗಾದ ಮೇಲೆ ಎರಡನೆಯ ಸಲ. ಮತ್ತೆ ಕಾದು ಮೂರನೆಯ ಸಲ.

"ಒಂದೇ ಸಲ ದಪ್ಪಗೆ ಕೊಟ್ರೆ ಬೇಗ ಆಗಲ್ವಾ?" ಅಂದಳು ಗೆಳತಿ.

"ಬೇಗ ಆಗತೈತೆ. ಬೇಗ ಸಿಪ್ಪೆ ಹಂಗೆ ಎದ್ದೂ ಬರತೈತೆ. ಮೊದ್ಲನೇದು ಎಳೆ ಹಿಡ್ಕೊಂತೈತೆ. ಎರಡನೇದು ಮೊದ್ಲನೇದನ್ನ ಹಿಡ್ಕೊಂತೈತೆ. ಮೂರನೇದು ಮಗ್ಗದ ಪೆಟ್ಟು ತಿಂತೈತೆ."

ಗೆಳತಿ ಬರೆಯುವುದನ್ನು ನಿಲ್ಲಿಸಿದಳು. ಶ್ವಾಸಕೋಶದೊಳಗೂ ಒಂದು ತೇವವಿದೆ, ಒಳಗೆ ಬಂದ ಕಣದ ಮೇಲೆ ಅದು ತನ್ನದೇ ಹೊದಿಕೆ ಹಾಕಲು ನೋಡುತ್ತದೆ, ಮೊದಲಿನ ಹೊದಿಕೆ ಸಡಿಲವಿದ್ದರೆ ಕಿತ್ತು ಬಿಸಾಡುತ್ತದೆ ಎಂದಳು. ಅವಳು ಒಂದೇ ಸಲ ದಪ್ಪಗೆ, ತಣ್ಣಗೆ ಕೊಟ್ಟ ಅಂಟು ಆ ತೇವದಲ್ಲಿ ಕಿತ್ತುಹೋಗಿ ಕಲ್ಲು ಮತ್ತೆ ಬರಿಮೈಯಾಗಿರಬೇಕು. ನನ್ನ ತಂಗಿ ಆ ಕಾಣದ ಕಲ್ಲಿನ ಪುಡಿಗೆ ಬಿಸಿಬಿಸಿಯಾಗಿ ತೆಳ್ಳಗೆ ಬಳಿದು, ಹಿಡಿಯದೆ ಉಳಿದದ್ದನ್ನು ತೊಳೆದು, ಕಾದು, ಮತ್ತೆ ಬಳಿದಿದ್ದಳು. ಮೂರು ಸಲ. ಉಣ್ಣೆಗೆ ಮಾಡಿದ ಹಾಗೆ.

"ಒಂದು ಸಾಲು ಬರ್ದಿಟ್ಟಿದ್ರೆ ಇಷ್ಟೆಲ್ಲ ಆಗ್ತಿತ್ತಾ?" ಎಂದು ಅವ್ವ ಗೊಣಗಿದಳು. ಮಗಳನ್ನು ಅವಳು ಬೈದದ್ದು ನನಗೆ ಹಿತವೆನಿಸಿತು. ಬದುಕಿದ್ದಾಗ ಹಾಗೆಯೇ ಬೈಯುತ್ತಿದ್ದಳು.

ಆಮೇಲಿನ ಒಂದು ತಿಂಗಳು ಕಾಯುವುದೇ ಕೆಲಸವಾಯಿತು. ಗೆಳತಿ ಮೂರು ಸಲ ಮಾಡಬೇಕಿತ್ತು. ನಡುವೆ ಅವ್ವ ಮಗ್ಗದ ಹಲಗೆ ತೆಗೆಸಿದಳು. ಬೀಜ ನೆನೆದಿದೆ, ಗಂಜಿ ಮಿಕ್ಕಿದೆ, ಹಾಳು ಮಾಡುವುದೇಕೆ ಅನ್ನುವುದು ಅವಳ ನೆಪ. ನಾನು ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತು ಲಾಳಿ ಎಸೆದೆ. ಕಂಡಿಗೆ ನೂಲು ನಾನೇ ಸುತ್ತಿಕೊಂಡೆ. ಲಾಳಿ ಎಸೆಯುವಾಗ, ಮೂರೂ ಸಲ ನೀಲಿಯೇ ಬಂದರೆ ಅವ್ವನಿಗೆ ಏನು ಹೇಳುವುದೆಂದು ಯೋಚಿಸುತ್ತಿದ್ದೆ.

ಫೋನ್ ಬಂದಾಗ ಗೆಳತಿ ಉತ್ತರ ಹೇಳಲಿಲ್ಲ. "ಅಕ್ಕಾ, ಅವ್ವನ್ನ ಕರ್ಕೊಂಡು ನೀವೇ ಬಂದು ನೋಡ್ರಿ" ಅಂದಳು.

ಆಟೋದಲ್ಲಿ ಹೋದೆವು. ಕಾವಲಿನ ತಂತಿ ಬೇಲಿಯುದ್ದಕ್ಕೂ ಅವ್ವ ಹೊರಗೆ ನೋಡುತ್ತಿದ್ದಳು. ಗೇಟಿನಲ್ಲಿ ಪಾಸು ಮಾಡಿಸುವಾಗ ಕಾವಲುಗಾರ ಯಾರನ್ನು ನೋಡಬೇಕು ಎಂದು ಕೇಳಿದ. ಅವ್ವ ನನ್ನ ತಂಗಿಯ ಹೆಸರು ಹೇಳಿದಳು. ಅವನು ಒಂದು ಗಳಿಗೆ ನಮ್ಮನ್ನು ನೋಡಿ, ಏನೂ ಕೇಳದೆ ಪಾಸು ಬರೆದುಕೊಟ್ಟ.

ಮೇಡಂ ನಮಗಾಗಿ ಬಾಗಿಲಲ್ಲೇ ನಿಂತಿದ್ದರು. ಮೊದಲು ಬರಿಮೈಯ ಕಲ್ಲು ಬಿಟ್ಟ ಗುಳಿಯನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿದರು. ನೀಲಿ ಚುಕ್ಕೆಗಳು, ಸುಕ್ಕಾಗಿ, ಚೆಲ್ಲಾಪಿಲ್ಲಿಯಾಗಿ. ಆಮೇಲೆ ಗೆಳತಿ ತನ್ನ ಮನೆಯ ಹಾಗೆ ಮಾಡಿದ ಗುಳಿ. ಅದೂ ನೀಲಿ. ನಮ್ಮ ಮನೆಯ ಹಾಗೆ ಮಾಡಿದ ಮೂರನೆಯದಕ್ಕೆ ಕಣ್ಣಿಟ್ಟೆ. ಒಂದಕ್ಕೊಂದು ಒತ್ತಿಕೊಂಡು ನೆಲಗಟ್ಟಿನ ಹಾಗೆ ಹಬ್ಬಿದ ಬಿಳಿ ಜೀವಕೋಶಗಳು, ಅಂಚುಗಳು ತಿಳಿಯಾಗಿದ್ದವು. ನೀಲಿ ಅಲ್ಲೊಂದು ಇಲ್ಲೊಂದು.

"ಮೂರೂ ಸಲ ಹೀಗೇ ಬಂತು" ಅಂದರು ಮೇಡಂ. "ನಿಮ್ಮ ತಂಗಿ ಎಣಿಸಿದ್ದು ಸರಿಯಾಗೇ ಇತ್ತು. ಅವರು ಬರೆದದ್ದನ್ನು ಓದೋದಕ್ಕೆ ನಮಗೆ ಬರಲಿಲ್ಲ." ಆಮೇಲೆ, ಇದು ತಟ್ಟೆಯಲ್ಲಿ ಆದದ್ದು ಮಾತ್ರ, ಮನುಷ್ಯರ ಎದೆಯವರೆಗೆ ಇನ್ನೂ ಬಹಳ ದೂರವಿದೆ ಎಂದೂ ಸೇರಿಸಿದರು. ಅದರಿಂದ ನನಗೆ ಬೇಸರವಾಗಲಿಲ್ಲ. ನಾನು ಕೇಳಬೇಕಾದದ್ದನ್ನು ಕೇಳಿಯಾಗಿತ್ತು.

ಅವ್ವ ಸ್ಟೂಲಿನ ಮೇಲೆ ಕೂತು ಬಹಳ ಹೊತ್ತು ನೋಡಿದಳು. "ಇವು ಯಾರ ಜೀವಕೋಶ?" ಎಂದು ಕೇಳಿದಳು. ಎಂದೋ ಯಾರಿಂದಲೋ ತೆಗೆದು, ಬೆಳೆಸುತ್ತಲೇ ಬಂದದ್ದು ಎಂದರು ಮೇಡಂ. "ಹಂಗಾರೆ ಚೆನ್ನಾಗಿ ನೋಡ್ಕೊಂಡವ್ರೆ" ಅಂದಳು ಅವ್ವ.

ಯುಗಾದಿ ಮುಗಿದ ಮೇಲೆ ಗೆಳತಿ ಕರೆದಳೆಂದು ನಾವು ಮೊಳಕಾಲ್ಮೂರಿಗೆ ಹೋದೆವು. ತಳಕು ದಾಟಿದ ಮೇಲೆ ಬಸ್ಸಿನಲ್ಲಿ ತೆಲುಗು ಹೆಚ್ಚಾಯಿತು. ಗೆಳತಿಯ ಅಪ್ಪ ಮಗ್ಗದಿಂದ ಎದ್ದು ಬಂದು ಅವ್ವನಿಗೆ ಕೈ ಮುಗಿದರು.

"ಕಂಬಳಿಯೋರ ಗಂಜಿ ರೇಷ್ಮೆಯೋರಿಗೆ ಪಾಠ ಹೇಳ್ತು ನೋಡ್ರಮ್ಮ" ಅಂದರು.

"ನಿಮ್ಮ ಮಗಳು ಕೇಳಾಕೆ ಬಂದ್ಲಲ್ಲ ಸ್ವಾಮಿ, ಅದು ದೊಡ್ಡದು" ಅಂದಳು ಅವ್ವ.

ವರದಿಯಲ್ಲಿ ಈಗ ತಂಗಿಯ ಹೆಸರು ಮೊದಲನೆಯದಾಗಿದೆ. ವಿಧಾನ ಎಂಬ ಭಾಗದಲ್ಲಿ ಅವ್ವನ ಮೊಣಕೈಯ ಬಿಸಿ ಅಂಕಿಯಾಗಿ ನಿಂತಿದೆ. ಅದನ್ನು ನಾನು ಅವ್ವನಿಗೆ ಬೆರಳಿಟ್ಟು ತೋರಿಸಿದ್ದೇನೆ. ಓಣಿಯಲ್ಲಿ ಯಾರು ಕೇಳಿದರೂ ಅವ್ವ ಈಗಲೂ "ಧೂಳು ನೋಡ್ತಿದ್ಲು" ಎಂದೇ ಹೇಳುತ್ತಾಳೆ, ಆದರೆ ಆಮೇಲೆ ಅವರನ್ನು ಕೂರಿಸಿ ಪೂರ್ತಿ ಹೇಳುತ್ತಾಳೆ.

ಪ್ರಯೋಗ ಪುಸ್ತಕದ ಆ ಸೋಮವಾರದ ಪುಟದ ಜೆರಾಕ್ಸ್ ನನ್ನ ಬಳಿ ಇದೆ. ಎಡಗಡೆ ಗುಳಿಗಳ ಗುರುತು, ನಡುವೆ ಅವಳು ತಟ್ಟೆ ಇಟ್ಟ ಹೊತ್ತು, ಬಲಗಡೆ ಎಣಿಕೆಗೆಂದು ಅವಳೇ ಸ್ಕೇಲಿನಿಂದ ಗೆರೆ ಹೊಡೆದ ಖಾನೆ. ತಾನು ಎಣಿಸಿದ್ದನ್ನು ಅಲ್ಲಿ ತುಂಬಲೇ ಎಂದು ಗೆಳತಿ ಒಮ್ಮೆ ಕೇಳಿದಳು. ಬೇಡ ಎಂದೆ. ಗೆಳತಿಯ ಎಣಿಕೆ ಬೇರೆ ಪುಟದಲ್ಲಿದೆ, ಅದು ಗೆಳತಿಯದೇ.

ತಂಗಿಯ ಖಾನೆಯಲ್ಲಿ ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಯ ಎಣಿಕೆ ಇಲ್ಲ.